ಅತ್ತೆ-ಮಾವ, ಮಕ್ಕಳ ಜೊತೆ ಅಲಾಸ್ಕಾ ಕ್ರೂಸ್: ಹಡಗಿನ ದಿನಚರಿ, ಟಿಪ್ಸ್ ಲೆಕ್ಕ

ಕ್ರೂಸ್ ಟಿಕೆಟ್ ದರ ಒಂದನ್ನೇ ನೋಡಿ ಬಜೆಟ್ ಹಾಕಬೇಡಿ. ಅದರ ಮೇಲೆ ಪೋರ್ಟ್ ಫೀ, ತೆರಿಗೆ ಇರುತ್ತದೆ. ಆಮೇಲೆ ಟಿಪ್ಸ್. ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಸಾಮಾನ್ಯ ಕ್ಯಾಬಿನ್ನಿನವರಿಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ಸ್ವೀಟ್ (suite) ಅನ್ನುವ ದೊಡ್ಡ ಕೋಣೆ ಆದರೆ ಇನ್ನೂ ಜಾಸ್ತಿ. ಮಕ್ಕಳಿಗೂ ದೊಡ್ಡವರಷ್ಟೇ. ತೀರಾ ಎಳೆಯ ಕೂಸುಗಳಿಗೆ ಮಾತ್ರ ಕೆಲವು ಕಂಪನಿಗಳು ವಿನಾಯಿತಿ ಕೊಡುತ್ತವೆ.

ನಮ್ಮದು ಆರು ಮಂದಿಯ ಕುಟುಂಬ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಶಿವಮೊಗ್ಗದಿಂದ ಬಂದಿದ್ದ ಅತ್ತೆ-ಮಾವ. ಆರು ತಲೆ, 7 ರಾತ್ರಿ ಅಂದರೆ ಟಿಪ್ಸೇ 670ರಿಂದ 840 ಡಾಲರ್ ಆಗುತ್ತದೆ. ನಾನು ಇದನ್ನು ಟಿಕೆಟ್ಟಿನ ಜೊತೆಗೇ ಮೊದಲೇ ಕಟ್ಟಿಬಿಟ್ಟೆ. ಮಾವನಿಗೆ ಲೆಕ್ಕ ತೋರಿಸಿದಾಗ ಅವರು ಕನ್ನಡಕ ತೆಗೆದು ಕೇಳಿದರು: "ಟಿಕೆಟ್ ದುಡ್ಡು ಕೊಟ್ಟಾಯ್ತಲ್ಲಮ್ಮ. ಕೆಲಸದವರಿಗೆ ಸಂಬಳ ಕೊಡೋದು ಕಂಪನಿ ತಾನೇ?"

ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹಡಗಿನ ಮೇಲೇ ಸಿಕ್ಕಿತು.

ಭಾನುವಾರ, ಸಿಯಾಟಲ್

ಸಿಯಾಟಲ್‌ನಲ್ಲಿ ಕ್ರೂಸ್ ಹಡಗುಗಳು ಎರಡು ಕಡೆ ನಿಲ್ಲುತ್ತವೆ. ಒಂದು ಪೇಟೆಯ ಪಕ್ಕದ ಪಿಯರ್ 66, ಇನ್ನೊಂದು ಸ್ವಲ್ಪ ಉತ್ತರಕ್ಕಿರುವ ಪಿಯರ್ 91. ಟ್ಯಾಕ್ಸಿ ಹತ್ತುವ ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಜನರನ್ನು ವಾಪಸ್ ತಂದು ಬಿಡುವ ಹಾಗಿಲ್ಲ. ಇದು 1886ರಷ್ಟು ಹಳೆಯ ಕಾನೂನು. ಅದಕ್ಕೇ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಹಡಗುಗಳು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆಯಾದರೂ ನಿಲ್ಲುತ್ತವೆ. ಇಂಡಿಯನ್ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ವಿಸಿಟರ್ ಆಗಿ ಬಂದವರಿಗೆ ಕೆನಡಾ ವೀಸಾ ಬೇಕು. ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ. ಅತ್ತೆ-ಮಾವ ಶಿವಮೊಗ್ಗದಲ್ಲಿದ್ದಾಗಲೇ ಅದಕ್ಕೆ ಅರ್ಜಿ ಹಾಕಿಸಿದ್ದೆವು.

ಅತ್ತೆಗೆ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ತರುವ ಆಸೆ ಇತ್ತು. ಬೇಡ ಅಂದೆ. ಬೆಂಕಿಯ ಭಯಕ್ಕೆ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಕ್ಯಾಬಿನ್ನಿಗೆ ಬಿಡುವುದಿಲ್ಲ. ನೀರಿನ ಮಧ್ಯೆ ಇರುವ ಹಡಗಿಗೆ ಬೆಂಕಿಗಿಂತ ದೊಡ್ಡ ಅಪಾಯ ಇಲ್ಲ. ಮನೆಯಲ್ಲಿ ಮಾಡಿದ ತಿಂಡಿಗೂ ತುಂಬ ಕಂಪನಿಗಳು ಒಪ್ಪುವುದಿಲ್ಲ. ಸೀಲ್ ಒಡೆಯದ ಪ್ಯಾಕೆಟ್‌ಗಳು ನಡೆಯುತ್ತವೆ. ಚಟ್ನಿಪುಡಿ, ಉಪ್ಪಿನಕಾಯಿ ಅಂಗಡಿಯದ್ದೇ ತಂದೆವು.

ಹಡಗು ಹೊರಡುವ ಮೊದಲು ಸುರಕ್ಷತಾ ಡ್ರಿಲ್ ಆಗಲೇಬೇಕು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಆ ದಿನ ಹೊಸದಾಗಿ ಹತ್ತಿದ್ದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಈಗ ಅರ್ಧ ಭಾಗ ಫೋನಿನಲ್ಲಿ ವಿಡಿಯೋ ನೋಡುವುದು, ಇನ್ನರ್ಧ ಅವಘಡ ಆದಾಗ ಸೇರಬೇಕಾದ ನಮ್ಮ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸುವುದು. ಏಳು ಸಣ್ಣ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಅಲ್ಲಿಗೆ ಹೋಗಬೇಕು. ಮಗಳು ಇದನ್ನು ಬಾಯಿಪಾಠ ಮಾಡಿ ತಮ್ಮನಿಗೂ ಹೇಳಿಕೊಟ್ಟಳು. ಅತ್ತೆ-ಮಾವನನ್ನು ಲಿಫ್ಟ್ ಇಲ್ಲದೆ ಮೆಟ್ಟಿಲಿನಲ್ಲೇ ಒಮ್ಮೆ ಕರೆದುಕೊಂಡು ಹೋಗಿ ದಾರಿ ತೋರಿಸಿದೆವು. ಅವಘಡ ಆದಾಗ ಲಿಫ್ಟ್ ಬಳಸುವಂತಿಲ್ಲ ಅಲ್ವಾ.

ಸೋಮವಾರ, ಸಮುದ್ರದಲ್ಲಿ

ಬೆಳಿಗ್ಗೆ ಎದ್ದಾಗ ನೆಲ ಕಾಣಲಿಲ್ಲ. ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ ತೆರೆದ ಪೆಸಿಫಿಕ್. ಹಡಗು ನಿಧಾನವಾಗಿ ತೂಗುತ್ತಿತ್ತು. ಅತ್ತೆಗೆ ತಲೆ ಸುತ್ತಿತು. ನಮ್ಮ ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್ ಹಸಿರು ಸೇಬು, ಬಿಸ್ಕತ್ತು ತಂದುಕೊಟ್ಟು, ಕೆಳಗಿನ ಡೆಕ್ಕಿನಲ್ಲಿ ಹಡಗಿನ ನಡುಮಧ್ಯೆ ಕೂರಿ, ಅಲ್ಲಿ ಅಲುಗಾಟ ಕಡಿಮೆ ಅಂದ. ಮಧ್ಯಾಹ್ನದ ಹೊತ್ತಿಗೆ ಸರಿಹೋದರು.

ಬಫೆ ಬಾಗಿಲಿನಲ್ಲಿ ಕೈ ತೊಳೆಯುವ ಬೇಸಿನ್‌ಗಳ ಸಾಲು. ಅದನ್ನು ದಾಟಿ ಸುಮ್ನೆ ಒಳಗೆ ನುಗ್ಗುವವರನ್ನು ನೋಡಿದರೆ ನನಗೆ ನಿಜವಾಗಿ ಕೋಪ ಬರುತ್ತದೆ. ನೋರೋವೈರಸ್ ಹಿಡಿದರೆ ವಾಂತಿ-ಭೇದಿ ಹಡಗಿಡೀ ಹಬ್ಬುತ್ತದೆ. ಬರೀ ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು-ನೀರೇ ಬೇಕು. ಎರಡನೇ ಸಲ ಬಡಿಸಿಕೊಳ್ಳಲು ಹೊಸ ತಟ್ಟೆ ತೆಗೆದುಕೊಳ್ಳಬೇಕು. ಮಕ್ಕಳು ಕೈ ಹಾಕಿ ಮುಟ್ಟಿ ನೋಡದಂತೆ ಇಕ್ಕಳವನ್ನು ನಾವೇ ಹಿಡಿಯಬೇಕು.

ಈಜುಕೊಳದ ಹತ್ತಿರ ಬೆಳಿಗ್ಗೆ ಏಳಕ್ಕೇ ಅರ್ಧ ಕುರ್ಚಿಗಳ ಮೇಲೆ ಟವೆಲ್ ಬಿದ್ದಿತ್ತು, ಜನ ಇರಲಿಲ್ಲ. ಮುಕ್ಕಾಲು ಗಂಟೆ ಯಾರೂ ಬರದಿದ್ದರೆ ಸಿಬ್ಬಂದಿ ಟವೆಲ್ ತೆಗೆದು ಕುರ್ಚಿ ಖಾಲಿ ಮಾಡುತ್ತಾರೆ. ಅದು ಅವರಿಗೆ ಎಷ್ಟು ಮುಜುಗರದ ಕೆಲಸ ಅಂದರೆ, ತಿರುಗಿ ಬಂದವರು ಕೂಗಾಡುವುದು ಅವರ ಮೇಲೇ. ನಾಟಕ, ಸಂಗೀತದ ಹಾಲ್‌ನಲ್ಲೂ ಅಷ್ಟೆ. ನಮ್ಮವರದ್ದೇ ಒಂದು ದೊಡ್ಡ ಗುಂಪು ಶಾಲು ಹಾಸಿ ಒಂದು ಸಾಲನ್ನೇ ಹಿಡಿದಿಟ್ಟಿತ್ತು. ನಿಂತಿದ್ದ ವಯಸ್ಸಾದ ದಂಪತಿಗೆ ಜಾಗ ಬಿಡಿ ಎಂದು ಮಾವ ಹೋಗಿ ಕೇಳಿದರು, ಬಿಟ್ಟರು. ಕೇಳಿದರೆ ಬಿಡುತ್ತಾರೆ, ಆದರೆ ಕೇಳುವ ತನಕ ಹೋಗಬಾರದು.

ರಾತ್ರಿ ಡೈನಿಂಗ್ ಹಾಲ್‌ನಲ್ಲಿ ಫಾರ್ಮಲ್ ನೈಟ್. ಚಡ್ಡಿ, ಕ್ಯಾಪು ನಡೆಯುವುದಿಲ್ಲ. ಅತ್ತೆ ಮೈಸೂರು ಸಿಲ್ಕ್ ಉಟ್ಟರು, ಮಾವ ಬಿಳಿ ಪಂಚೆ, ಶರ್ಟು. ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮೇಜಿನವರು ಎದ್ದು ಬಂದು ಫೋಟೋ ತೆಗೆಯಲು ಅನುಮತಿ ಕೇಳಿದರು.

ಅಲ್ಲೇ ಆ ಹುಡುಗ ಸಿಕ್ಕಿದ. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ, ನೀರಿನ ಜಗ್ ಹಿಡಿದವನು ನಿಂತೇಬಿಟ್ಟ. "ನೀವು ಊರಿನ ಕಡೆಯವರಾ ಸರ್?" ಕುಂದಾಪುರದ ಹತ್ತಿರದವನು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಾನೆ. ಕರಾವಳಿ, ಗೋವಾ, ಮುಂಬೈ ಕಡೆಯ ಹುಡುಗರು ಇಂಥ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾದವರು ಇನ್ನೂ ಜಾಸ್ತಿ.

ಮಾವ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವರು. ಯಾರದ್ದೇ ಕೆಲಸ ಆದರೂ ಮೊದಲು ಕೇಳುವುದು ಡ್ಯೂಟಿಯ ವಿಷಯ.

"ಎಷ್ಟು ಗಂಟೆ ಡ್ಯೂಟಿ ನಿಂಗೆ?"

"ಹತ್ತು, ಹನ್ನೊಂದು ಗಂಟೆ ಆಗ್ತದೆ ಸರ್. ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ, ರಾತ್ರಿ. ಮಧ್ಯೆ ಮಧ್ಯೆ ಬ್ರೇಕ್ ಉಂಟು."

"ವೀಕ್ಲಿ ಆಫ್ ಯಾವಾಗ?"

"ಹಾಗೆ ಪೂರ್ತಿ ದಿನದ ರಜೆ ಇಲ್ಲ ಸರ್. ಕಾಂಟ್ರಾಕ್ಟ್ ಮುಗಿಯುವ ತನಕ. ಏಳೆಂಟು ತಿಂಗಳು."

ಮಾವ ಚಮಚ ಕೆಳಗಿಟ್ಟರು.

ಸಮುದ್ರದ ಕೆಲಸಗಾರರಿಗೆ ಅಂತಾರಾಷ್ಟ್ರೀಯ ಒಪ್ಪಂದ ಒಂದಿದೆ. 2006ರಲ್ಲಿ ಆಯಿತು, 2013ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಒಂದು ವಾರದಲ್ಲಿ ಕನಿಷ್ಠ 77 ಗಂಟೆ ಬಿಡುವು ಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ಉಳಿದ ಗಂಟೆಗಳನ್ನು ಲೆಕ್ಕ ಹಾಕಿ ನೋಡಿ. ಈ ಹಡಗುಗಳ ನೋಂದಣಿ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾದಂಥ ಕಡೆ. ಹಾಗಾಗಿ ಸಿಯಾಟಲ್ ಬಂದರಿನಲ್ಲೇ ನಿಂತಿದ್ದರೂ ಅಮೆರಿಕದ ಕನಿಷ್ಠ ವೇತನ ಇವರಿಗೆ ಸಿಗುವುದಿಲ್ಲ. ನಾವು ಟಿಪ್ಸ್ ಅನ್ನುವುದು ಇವರ ಗಳಿಕೆಯ ದೊಡ್ಡ ಭಾಗ.

ಅವನು ಹೋದ ಮೇಲೆ ಮಾವ ಅಂದರು: "ಡ್ರೈವರ್, ಕಂಡಕ್ಟರಿಗೆ ಬಾಟಾ ಇದ್ದ ಹಾಗೆ ಇದು. ಬಾಟಾ ತಡೆದ್ರೆ ಮನೆ ನಡೆಯಲ್ಲ."

ಮಂಗಳವಾರ, ಜೂನೋ

ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಯಿತು. ಅಲಾಸ್ಕಾ ಸಮಯ. ಹಡಗಿನ ಸಮಯ ಯಾವುದು ಅಂತ ಹಡಗಿನ ಗಡಿಯಾರವನ್ನೇ ನಂಬಿ, ಫೋನನ್ನಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಸಮುದ್ರದ ಮೇಲಿನ ಮೊಬೈಲ್ ನೆಟ್‌ವರ್ಕಿನ ಬಿಲ್ ವಿಪರೀತ.

ಜೂನೋ ಅಲಾಸ್ಕಾದ ರಾಜಧಾನಿ. ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆ ಇಲ್ಲ. ಹಡಗಿನಲ್ಲಿ ಬರಬೇಕು ಇಲ್ಲವೇ ವಿಮಾನದಲ್ಲಿ. ಊರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮೆಂಡನ್‌ಹಾಲ್ ಹಿಮನದಿ. ಕೆರೆಯ ಆಚೆ ನೀಲಿ ಹಿಮದ ಗೋಡೆ, ಪಕ್ಕದಲ್ಲಿ ನಗೆಟ್ ಜಲಪಾತ. ಜಲಪಾತದ ತನಕ ನಡೆಯುವ ದಾರಿ ಸಮತಟ್ಟು, ಅತ್ತೆ-ಮಾವ ಆರಾಮವಾಗಿ ನಡೆದರು.

ಮಧ್ಯಾಹ್ನ ಆಕ್ ಕೊಲ್ಲಿಯಿಂದ ಸಣ್ಣ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋದೆವು. ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ 100 ಗಜಕ್ಕಿಂತ ಹತ್ತಿರ ಹೋಗಬಾರದು ಅಂತ ಕಾನೂನು. ದೋಣಿ ನಡೆಸುವವರು ಎಂಜಿನ್ ನಿಲ್ಲಿಸಿ ಕಾದರು. ಮೊದಲು ಉಸಿರಿನ ಶಬ್ದ ಕೇಳಿಸಿತು. ಆಮೇಲೆ ಕಪ್ಪು ಬೆನ್ನು. ಕೊನೆಗೆ ಬಾಲ ಎದ್ದು ನೀರು ಸುರಿಸಿಕೊಂಡು ಒಳಗೆ ಹೋಯಿತು. ಮಗ ಅಜ್ಜಿಯ ಸೆರಗು ಹಿಡಿದು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಕೂಗುತ್ತಲೇ ಇದ್ದ.

ಇಳಿಯುವಾಗ ದೋಣಿಯ ಗೈಡ್‌ಗೆ ತಲೆಗೆ ಐದು ಡಾಲರಿನಂತೆ ಕೊಟ್ಟೆವು, ಬಸ್ ಡ್ರೈವರಿಗೆ ಒಂದೆರಡು. ಹಡಗಿನ ಟಿಪ್ಸ್ ಇವರಿಗೆ ತಲುಪುವುದಿಲ್ಲ, ಇವರು ಬೇರೆ ಕಂಪನಿಯವರು. ಅಲಾಸ್ಕಾದಲ್ಲಿ ಟಿಪ್ಸ್ ಬರುತ್ತದೆ ಅಂತ ಸಂಬಳವನ್ನು ಕನಿಷ್ಠ ವೇತನಕ್ಕಿಂತ ಕಡಿಮೆ ಮಾಡುವಂತಿಲ್ಲ. ಹಾಗಾಗಿ ಇಲ್ಲಿ ಕೊಡುವುದು ಖುಷಿಗೆ. ಒಂದು, ಐದು ಡಾಲರಿನ ನೋಟುಗಳನ್ನು ಮನೆಯಿಂದಲೇ ಕಟ್ಟಿಕೊಂಡು ಬನ್ನಿ.

ಬುಧವಾರ, ಸ್ಕ್ಯಾಗ್ವೇ

ಪುಟ್ಟ ಊರು. 1890ರ ದಶಕದ ಕೊನೆಯಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದ ಚಿನ್ನಕ್ಕಾಗಿ ಸಾವಿರಾರು ಜನ ಇಲ್ಲಿ ಇಳಿದು ಬೆಟ್ಟ ಹತ್ತಿದರು. ಅವರಿಗಾಗಿ 1898ರಲ್ಲಿ ಕಟ್ಟಲು ಶುರು ಮಾಡಿದ ವೈಟ್ ಪಾಸ್ ರೈಲು 1900ರಲ್ಲಿ ಮುಗಿಯುವ ಹೊತ್ತಿಗೆ ಚಿನ್ನದ ಗಲಾಟೆಯೇ ತಣ್ಣಗಾಗಿತ್ತು. ಮೂರು ಅಡಿ ಅಗಲದ ಕಿರಿದಾದ ಹಳಿ. 20 ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಮೂರು ಸಾವಿರದಷ್ಟು ಕುದುರೆಗಳು ಸತ್ತ ಕಣಿವೆಯನ್ನು ಕಿಟಕಿಯಿಂದ ತೋರಿಸಿದರು. ಅತ್ತೆ ಆ ಕಡೆ ನೋಡಲಿಲ್ಲ.

ಸಂಜೆ ಕ್ಯಾಬಿನ್ನಿಗೆ ಬಂದರೆ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿದ ಆನೆ. ಮಗ ಅದನ್ನು ಬಿಚ್ಚಲು ಬಿಡಲೇ ಇಲ್ಲ. ಮರುದಿನ ಕಾರಿಡಾರಿನಲ್ಲಿ ಸ್ಟುವರ್ಡ್ ಅದನ್ನು ಹೇಗೆ ಸುತ್ತುವುದು ಅಂತ ಮಕ್ಕಳಿಗೆ ತೋರಿಸಿದ. ದೊಡ್ಡ ಟವೆಲ್ಲಿನ ಎರಡೂ ತುದಿ ಒಳಕ್ಕೆ ಸುರುಳಿ ಸುತ್ತಿ ಕಾಲು, ಸಣ್ಣ ಟವೆಲ್ ಮಡಚಿ ತಲೆ, ತುದಿ ತಿರುವಿ ಸೊಂಡಿಲು. ಒಂದು ನಿಮಿಷವೂ ಆಗಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯವರು ಏನೋ ಕೇಳಿದರು, ಅಲ್ಲಿಗೆ ಓಡಿದ.

ಅವನ ಕೆಲಸ ಹಗುರ ಮಾಡುವುದು ನಮ್ಮ ಕೈಯಲ್ಲೂ ಇದೆ. ಮಕ್ಕಳ ಆಟದ ಸಾಮಾನು ನೆಲದ ಮೇಲಿಂದ ಎತ್ತಿಡುವುದು, ಒದ್ದೆ ಬಟ್ಟೆಯನ್ನು ಒಂದೇ ಕಡೆ ಹಾಕುವುದು, ಕೋಣೆ ಯಾವಾಗ ಖಾಲಿ ಇರುತ್ತದೆ ಅಂತ ಮೊದಲ ದಿನವೇ ಹೇಳುವುದು. ಮಧ್ಯಾಹ್ನ ಅತ್ತೆ ಮಲಗುವ ಹೊತ್ತನ್ನು ಹೇಳಿದ್ದೆ. ಆಮೇಲೆ ಒಮ್ಮೆಯೂ ಬಾಗಿಲು ತಟ್ಟಲಿಲ್ಲ.

ಗುರುವಾರ, ಗ್ಲೇಸಿಯರ್ ಬೇ

ಇಡೀ ಪ್ರವಾಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ ದಿನ ಇದು. ಇಲ್ಲಿ ಹಡಗಿನಿಂದ ಇಳಿಯುವುದಿಲ್ಲ. ಬೆಳಿಗ್ಗೆ ಸಣ್ಣ ದೋಣಿಯಲ್ಲಿ ನ್ಯಾಷನಲ್ ಪಾರ್ಕಿನ ರೇಂಜರ್‌ಗಳು ಬಂದು, ಏಣಿ ಹತ್ತಿ ಹಡಗಿನೊಳಗೆ ಬರುತ್ತಾರೆ. ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಒಳಗೆ ಬಿಡುತ್ತಾರೆ.

ಕ್ರಿ.ಶ. 1750ರ ಸುಮಾರಿಗೆ ಈ ಕೊಲ್ಲಿ ಪೂರ್ತಿ ಹಿಮವೇ ಆಗಿತ್ತು. ಮುಂದುವರಿದ ಹಿಮ ಇಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರನ್ನು ಅವರ ಊರುಗಳಿಂದ ಹೊರಹಾಕಿತು. ಆಮೇಲೆ ಅದು 100 ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ನಮ್ಮ ಹಡಗು ಹೋದ ನೀರಿನ ದಾರಿಯಲ್ಲಿ ಆಗ ಬರೀ ಹಿಮ ಇತ್ತು ಅಂತ ರೇಂಜರ್ ಹೇಳುವಾಗ ಮಗಳು ಕೆಳಗೆ ನೀರನ್ನೇ ನೋಡುತ್ತಾ ನಿಂತಿದ್ದಳು.

ಮಾರ್ಜರಿ ಹಿಮನದಿಯ ಮುಂದೆ ಹಡಗು ಸುಮಾರು ಒಂದು ಗಂಟೆ ನಿಂತಿತು. ಒಂದು ಮೈಲಿ ಅಗಲದ ಗೋಡೆ. ಗುಡುಗಿನಂಥ ಸದ್ದು ಮೊದಲೋ, ಹಿಮದ ಚೂರು ಬೀಳುವುದು ಮೊದಲೋ ಅಂತ ಮಕ್ಕಳು ವಾದ ಮಾಡುತ್ತಿದ್ದರು. ಬೀಳುವುದೇ ಮೊದಲು. ಸದ್ದು ಬರುವಷ್ಟರಲ್ಲಿ ನೀರು ಎದ್ದಾಗಿರುತ್ತದೆ.

ಇಲ್ಲಿ ಜನರ ನಡವಳಿಕೆ ಗೊತ್ತಾಗುತ್ತದೆ. ಕಂಬಿಯ ಹತ್ತಿರ ಜಾಗ ಎಲ್ಲರಿಗೂ ಬೇಕು. ಕ್ಯಾಪ್ಟನ್ ಹಡಗನ್ನು ನಿಂತಲ್ಲೇ ನಿಧಾನವಾಗಿ ತಿರುಗಿಸುತ್ತಾರೆ, ಎರಡೂ ಬದಿಯವರಿಗೆ ಕಾಣಲಿ ಅಂತ. ಹಾಗಾಗಿ ಓಡಿ ನೂಕುವ ಅಗತ್ಯವೇ ಇಲ್ಲ. ಟ್ರೈಪಾಡ್ ಹಾಕಿ ಮುಂದಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು ಕೆಲವರಿದ್ದರು. ಆದರೆ ಎತ್ತರದ ಒಬ್ಬ ಅಮೆರಿಕನ್ ಅಜ್ಜ ನಮ್ಮ ಮಗನನ್ನು ಕಂಡು ತಾನು ಹಿಂದೆ ಸರಿದು ಅವನನ್ನು ಮುಂದೆ ಬಿಟ್ಟರು. ಹತ್ತು ನಿಮಿಷ ನೋಡಿ ನಾವು ಇನ್ನೊಂದು ಕುಟುಂಬಕ್ಕೆ ಆ ಜಾಗ ಬಿಟ್ಟೆವು. ಪೇಪರ್ ಕಪ್, ಕಾಗದದ ಕರವಸ್ತ್ರ ಹೊರಗೆ ಒಯ್ಯಬೇಡಿ ಅಂತ ಹೇಳಿದ್ದರು. ಗಾಳಿಗೆ ಹಾರಿದರೆ ಸೀದಾ ಆ ನೀರಿಗೇ ಹೋಗುತ್ತದೆ. ಫೋನಿನ ಸ್ಪೀಕರಿನಲ್ಲಿ ಹಾಡು ಹಾಕುವುದು, ವಿಡಿಯೋ ಕಾಲ್‌ನಲ್ಲಿ ಕೂಗಿ ಮಾತಾಡುವುದು, ದಯವಿಟ್ಟು ಈ ಒಂದು ಗಂಟೆ ಬೇಡ.

ರಾತ್ರಿ ಊಟಕ್ಕೆ ಕುಂದಾಪುರದ ಹುಡುಗ ಅನ್ನ, ಬೇಳೆ, ಮೊಸರು ತಂದಿಟ್ಟ. ಹಡಗಿನಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ. ಆದರೆ ಹಿಂದಿನ ರಾತ್ರಿಯೇ ಹೆಡ್ ವೇಟರಿಗೆ ಹೇಳಿಡಬೇಕು, ಬುಕ್ ಮಾಡುವಾಗಲೇ ಬರೆಸಿದರೆ ಇನ್ನೂ ಒಳ್ಳೆಯದು. ಕೂತ ಮೇಲೆ ಕೇಳಿದರೆ ಅಡುಗೆಮನೆಗೆ ಕಷ್ಟ. ಹೇಳಿಟ್ಟು ಊಟಕ್ಕೆ ಹೋಗದೇ ಇರುವುದು ಇನ್ನೂ ತಪ್ಪು.

ಶುಕ್ರವಾರ, ಕೆಚಿಕನ್

ಮಳೆ. ಆಗುಂಬೆಯವರಿಗೂ ಒಪ್ಪಿಗೆಯಾಗುವಂಥ ಮಳೆ. ಛತ್ರಿ ಹಿಡಿದು ಟೋಟೆಮ್ ಕಂಬಗಳನ್ನು, ಅಂದರೆ ಮೂಲನಿವಾಸಿಗಳ ಕೆತ್ತನೆಯ ಮರದ ಕಂಬಗಳನ್ನು ನೋಡಿದೆವು. ಕ್ರೀಕ್ ಸ್ಟ್ರೀಟಿನಲ್ಲಿ ಮರದ ಕಂಬಗಳ ಮೇಲೆ ನಿಂತ ಮನೆಗಳ ಕೆಳಗೆ ಸಾಲ್ಮನ್ ಮೀನುಗಳು ಹರಿವಿಗೆ ಎದುರಾಗಿ ಈಜುತ್ತಿದ್ದವು. ಹಡಗಿಗೆ ಮರಳಬೇಕಾದ ಸಮಯ ಹೊರಡುವುದಕ್ಕಿಂತ ಅರ್ಧ ಗಂಟೆ ಮೊದಲು. ಹಡಗು ಕಾಯುವುದಿಲ್ಲ. ಒಂದು ಗಂಟೆ ಮೊದಲೇ ಬಂದೆವು.

ಸಂಜೆ ಲಾಬಿಯಲ್ಲಿ ಗೆಸ್ಟ್ ಸರ್ವೀಸ್ ಕೌಂಟರ್ ಮುಂದೆ ಉದ್ದ ಸಾಲು. ಕೆಲವರು ಬಿಲ್ ಸರಿ ಮಾಡಿಸಲು ಬಂದಿದ್ದರು. ಕೆಲವರು ಟಿಪ್ಸ್ ತೆಗೆಸಲು. ಹೌದು, ತುಂಬ ಹಡಗುಗಳಲ್ಲಿ ಅದನ್ನು ಕಡಿಮೆ ಮಾಡಿಸಬಹುದು, ತೆಗೆಸಲೂಬಹುದು. ನಮ್ಮ ಕಡೆಯವರೇ ಒಬ್ಬರು ಮಾವನ ಹತ್ತಿರ ಬಂದು, ತೆಗೆಸಿಬಿಡಿ, ಸ್ಟುವರ್ಡ್‌ಗೆ ಇಪ್ಪತ್ತು ಡಾಲರ್ ಕೈಗೆ ಕೊಟ್ಟರೆ ಸಾಕು, ಅವನಿಗೇ ಒಳ್ಳೆಯದು ಅಂದರು.

ಇದು ಸರಿ ಅಲ್ಲ. ಬಿಲ್ಲಿಗೆ ಸೇರಿದ ದುಡ್ಡು ಸ್ಟುವರ್ಡ್, ವೇಟರುಗಳ ಜೊತೆಗೆ ನಾವು ನೋಡದವರಿಗೂ ಹಂಚಿಕೆಯಾಗುತ್ತದೆ. ತಟ್ಟೆ ತೊಳೆಯುವವರು, ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುವವರು. ಕೈಗೆ ಕೊಟ್ಟ ಇಪ್ಪತ್ತು ಡಾಲರ್ ಕೆಳಗಿನ ಡೆಕ್ಕಿಗೆ ಇಳಿಯುವುದಿಲ್ಲ. ಮಾವ ಅವರಿಗೆ ಹೇಳಿದರು: "ಮುಂದೆ ಕಾಣಿಸೋನು ಕಂಡಕ್ಟರ್ ಒಬ್ಬನೇ. ಡಿಪೋದಲ್ಲಿ ರಾತ್ರಿ ಎದ್ದು ಟೈರ್ ಬದಲಿಸೋನು ಯಾರಿಗೂ ಕಾಣ್ಸಲ್ಲ ಸ್ವಾಮಿ." ಅವರು ಸಾಲಿನಲ್ಲೇ ನಿಂತರು. ತೆಗೆಸಿದರೋ ಇಲ್ಲವೋ ನಾವು ನೋಡಲಿಲ್ಲ.

ಸೇವೆ ನಿಜವಾಗಿ ಕೆಟ್ಟಿದ್ದರೆ ಮೊದಲ ದಿನವೇ ಕೌಂಟರಿಗೆ ಹೇಳಿ, ಸರಿ ಮಾಡುತ್ತಾರೆ. ಕೊನೆಯ ರಾತ್ರಿ ಅದನ್ನು ನೆಪ ಮಾಡಬೇಡಿ. ದಿನದ ಟಿಪ್ಸ್ ಅಂಥ ಲೆಕ್ಕವೇ ಬೇಡ ಅನ್ನುವವರಿಗೆ ಟಿಕೆಟ್ಟಿನಲ್ಲೇ ಅದು ಸೇರಿರುವ ಹಡಗುಗಳಿವೆ. ರೀಜೆಂಟ್, ಸೀಬೋರ್ನ್‌ನಂಥ ದುಬಾರಿ ಕಂಪನಿಗಳು ಹಾಗೆ ಮಾಡುತ್ತವೆ. ಬ್ರಿಟನ್ನಿನ ಪಿ ಆ್ಯಂಡ್ ಓ 2019ರಲ್ಲಿ ದಿನದ ಟಿಪ್ಸನ್ನೇ ನಿಲ್ಲಿಸಿತು. ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಹಾಗೇ ಮಾಡಬೇಕು. ಕೆಲಸಗಾರರ ಗಳಿಕೆ ಪ್ರಯಾಣಿಕರ ಮನಸ್ಸಿನ ಮೇಲೆ ನಿಲ್ಲಬಾರದು. ಆದರೆ ಬದಲಾಗುವ ತನಕ ಕೊಡುವುದನ್ನು ಕೊಡಲೇಬೇಕು.

ಇನ್ನೊಂದು ವಿಷಯ. ಬಾರಿನಲ್ಲಿ, ಸ್ಪಾದಲ್ಲಿ ಬಿಲ್ಲಿಗೆ ಮೊದಲೇ 18ರಿಂದ 20 ಶೇಕಡಾ ಸೇರಿರುತ್ತದೆ. ರಸೀದಿಯಲ್ಲಿ ಮತ್ತೂ ಒಂದು ಖಾಲಿ ಸಾಲು ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ತಪ್ಪಿಲ್ಲ.

ಶನಿವಾರ, ವಿಕ್ಟೋರಿಯಾ

ಹಗಲಿಡೀ ಸಮುದ್ರ. ಮಕ್ಕಳು ಕಿಡ್ಸ್ ಕ್ಲಬ್ಬಿನಲ್ಲಿ. ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರಬೇಕು ಅನ್ನುವುದು ಅಲ್ಲಿನ ನಿಯಮ. ಈಜುಕೊಳಕ್ಕೂ ಡೈಪರ್ ಹಾಕಿದ ಮಕ್ಕಳನ್ನು ಇಳಿಸುವಂತಿಲ್ಲ, ಈಜಿನ ಡೈಪರ್ ಆದರೂ. ಒಬ್ಬರು ಕೇಳದೇ ಇಳಿಸಿದರೆ ಕೊಳ ಖಾಲಿ ಮಾಡಿ ತೊಳೆಯಬೇಕಾಗುತ್ತದೆ, ಉಳಿದ ಮಕ್ಕಳ ದಿನ ಹಾಳು.

ರಾತ್ರಿ ವಿಕ್ಟೋರಿಯಾದಲ್ಲಿ ಇಳಿದು, ದೀಪ ಹಚ್ಚಿದ ಪಾರ್ಲಿಮೆಂಟ್ ಕಟ್ಟಡದ ತನಕ ನಡೆದು ಬಂದೆವು. ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಟ್ಟೆವು. ಬೆಳಿಗ್ಗೆ ಹಾಕುವ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಉಳಿಸಿಕೊಳ್ಳಬೇಕು.

ಸ್ಟುವರ್ಡ್‌ಗೆ, ಕುಂದಾಪುರದ ಹುಡುಗನಿಗೆ ಬಿಲ್ಲಿನ ಟಿಪ್ಸ್ ಅಲ್ಲದೆ ಕವರಿನಲ್ಲಿ ಬೇರೆಯಾಗಿ ಇಟ್ಟಿದ್ದೆವು. ಮಗಳ ಕೈಯಿಂದ ಕೊಡಿಸಿದೆ. ಎರಡೂ ಕೈಯಲ್ಲಿ ಕೊಟ್ಟು, ಹೆಸರು ಹಿಡಿದು ಥ್ಯಾಂಕ್ಸ್ ಹೇಳಬೇಕು ಅಂತ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದರು. ಉಳಿದ ಚಟ್ನಿಪುಡಿ ಪ್ಯಾಕೆಟ್ಟನ್ನೂ ಅತ್ತೆ ಆ ಹುಡುಗನಿಗೇ ಕೊಟ್ಟರು. "ಡಿಸೆಂಬರಿಗೆ ಊರಿಗೆ ಹೋಗುದು ಅಮ್ಮ" ಅಂದ. ಊರಿಗೆ ಬಂದಾಗ ಶಿವಮೊಗ್ಗಕ್ಕೆ ಬಾ ಅಂತ ಮಾವ ವಿಳಾಸ ಬರೆದುಕೊಟ್ಟರು.

ಭಾನುವಾರ, ಮತ್ತೆ ಸಿಯಾಟಲ್

ಬೆಳಿಗ್ಗೆ ನಾವು ಇಳಿಯುವ ಹೊತ್ತಿಗೆ ಕಾರಿಡಾರ್ ತುಂಬ ಹೊಸ ಬೆಡ್‌ಶೀಟ್‌ಗಳ ಗಾಡಿಗಳು. ಅದೇ ದಿನ ಮಧ್ಯಾಹ್ನ ಮುಂದಿನ ಪ್ರಯಾಣಿಕರು ಹತ್ತುತ್ತಾರೆ. ಬಫೆಯ ಹಣ್ಣನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಕಂಪನಿಯಿಂದ ಸರ್ವೇ ಇಮೇಲ್ ಬಂತು. ಸಿಬ್ಬಂದಿಯ ಹೆಸರು ಬರೆದು ಹೊಗಳಿದರೆ ಅದು ಅವರ ದಾಖಲೆಗೆ ಸೇರುತ್ತದೆ. ಬಡ್ತಿಯ ಸಮಯದಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಆ ಹುಡುಗನೇ ಹೇಳಿದ್ದ. ಮಾವ ಸೋಫಾದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಇಬ್ಬರ ಹೆಸರು, ಕ್ಯಾಬಿನ್ ನಂಬರ್, ಮೇಜಿನ ನಂಬರ್. ಕೊನೆಗೆ ಮಾವ, "ಲಾಂಡ್ರಿಯವರ ಹೆಸರು ಗೊತ್ತಿಲ್ಲ, ಆದ್ರೂ ಅವರ ಬಗ್ಗೆ ಒಂದು ಸಾಲು ಹಾಕಮ್ಮ" ಅಂದರು. ಹಾಕಿ ಕಳಿಸಿದೆ.